ಅಕ್ಷರ ದೊಡ್ಡದಾದಾಗ

ಪುಸ್ತಕ ಒಳ್ಳೇದೋ, ಮೊಬೈಲ್ ಒಳ್ಳೇದೋ ಅನ್ನೋ ಜಗಳದಲ್ಲಿ ನನಗೆ ಆಸಕ್ತಿ ಹೋಗಿ ಬಹಳ ದಿನ ಆಯ್ತು. ಆ ಜಗಳ ಯಾವಾಗಲೂ ಎರಡೇ ಮಾತಿಗೆ ಬಂದು ನಿಲ್ಲುತ್ತೆ. ಒಬ್ಬರು ಹೊಸ ಪುಸ್ತಕದ ವಾಸನೆ ಅಂತಾರೆ, ಇನ್ನೊಬ್ಬರು ಸಾವಿರ ಪುಸ್ತಕ ಜೇಬಲ್ಲಿ ಅಂತಾರೆ. ಇಬ್ಬರೂ ಹೇಳೋದು ನಿಜವೇ. ಆದರೆ ವಾಸನೆ ನೋಡೋಕೆ ಅಂತ ಯಾರೂ ಕಾದಂಬರಿ ಕೊಳ್ಳೋದಿಲ್ಲ. ಜೇಬಲ್ಲಿರೋ ಸಾವಿರದಲ್ಲಿ ಓದಿ ಮುಗಿಸೋದು ನಾಲ್ಕೋ ಐದೋ. ನನ್ನ ಕುತೂಹಲ ಬೇರೆ. ಅದೇ ಕಥೆ, ಅದೇ ಪದಗಳು ಹಾಳೆಯಿಂದ ಪರದೆಗೆ ಬಂದಾಗ ಓದುವವರ ತಲೆಯೊಳಗೆ ಏನು ಬದಲಾಗುತ್ತೆ? ಇಂಗ್ಲಿಷಿನಲ್ಲಿ ಇದರ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ಕನ್ನಡದಲ್ಲಿ ಓದುವ ನಮಗೆ ಏನಾಗುತ್ತೆ?

ಈ ಪ್ರಶ್ನೆ ನನ್ನ ಪಾಲಿಗೆ ಟೀ ಬ್ರೇಕಿನ ಹರಟೆಯಾಗಿ ಉಳಿಯದೇ ಇರೋದಕ್ಕೆ ಕಾರಣ ಅಪ್ಪ. ತೀರ್ಥಹಳ್ಳಿ ಕಡೆ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಕೊನೆಗೆ ಕಣ್ಣಿಗೆ ಬಂತು. ಇಂಜೆಕ್ಷನ್ ಆಯ್ತು, ಲೇಸರ್ ಆಯ್ತು. ಇರುವ ದೃಷ್ಟಿ ಉಳಿಸಿಕೊಳ್ಳಬಹುದು, ಹೋಗಿದ್ದು ಬರೋದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಈಗ ಅಪ್ಪನಿಗೆ ಮನುಷ್ಯರು ಕಾಣ್ತಾರೆ, ತೋಟ ಕಾಣುತ್ತೆ, ಪೇಪರಿನ ತಲೆಬರಹ ಕಾಣುತ್ತೆ. ಅದರ ಕೆಳಗಿನ ಸುದ್ದಿ ಕಾಣೋದಿಲ್ಲ. ಮನೆಯಲ್ಲಿ ಐದು ಕಪಾಟು ತುಂಬ ಪುಸ್ತಕ. ಅದರಲ್ಲಿ ಒಂದನ್ನೂ ಅವರು ಓದಲಾರರು.

ಕಳೆದ ದೀಪಾವಳಿಗೆ ಹತ್ತು ಇಂಚಿನ ಒಂದು ಟ್ಯಾಬ್ ತಗೊಂಡು ಹೋದೆ. ಒಂದು ಐತಿಹಾಸಿಕ ಕಾದಂಬರಿಯ ಇ-ಪುಸ್ತಕ ಕೊಂಡು, ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿ ಕೈಗೆ ಕೊಟ್ಟೆ. ಅಪ್ಪ ಕಾಲು ಗಂಟೆ ಮಾತಾಡಲಿಲ್ಲ. ಆಮೇಲೆ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, "ಪುಟ್ಟೀ, ಕಾಣ್ತದೆ ಮಾರಾಯ್ತಿ" ಅಂದರು. ಎರಡು ವರ್ಷದ ಮೇಲೆ ಅವರು ಓದಿದ ಮೊದಲ ಪುಟ ಅದು. ಅವತ್ತು ಯಾರಾದರೂ ನನ್ನ ಮುಂದೆ ಕಾಗದದ ವಾಸನೆಯ ಬಗ್ಗೆ ಮಾತಾಡಿದ್ದರೆ ಜಗಳ ಆಡಿಬಿಡ್ತಿದ್ದೆ.

ಮೂರನೇ ದಿನ ತಕರಾರು ಶುರುವಾಯ್ತು. "ಕಾಣೋದೇನೋ ಕಾಣ್ತದೆ. ಆದ್ರೆ ಎಲ್ಲಿದ್ದೀನಿ ಅಂತ ಗೊತ್ತಾಗೋದಿಲ್ಲ" ಅಂದರು. ಪುಟದ ಸಂಖ್ಯೆ ಕೆಳಗೇ ಇದೆಯಲ್ಲ, ಇಷ್ಟು ಪರ್ಸೆಂಟ್ ಆಗಿದೆ ಅಂತಾನೂ ತೋರಿಸುತ್ತಲ್ಲ ಅಂದೆ. "ಅದು ಲೆಕ್ಕ ಆಯ್ತು. ನಾನು ಹೇಳ್ತಿರೋದು ಜಾಗದ್ದು" ಅಂದರು.

ಅವರ ಮಾತು ನನಗೆ ಅರ್ಥವಾಗಿದ್ದು 'ಮಲೆಗಳಲ್ಲಿ ಮದುಮಗಳು' ನೆನಪಾದಾಗ. 1967ರಲ್ಲಿ ಬಂದ ಕುವೆಂಪು ಅವರ ಈ ಕಾದಂಬರಿ ಏಳುನೂರು ಪುಟದ ಆಸುಪಾಸಿನದು. ಅದಕ್ಕೆ ಒಬ್ಬ ನಾಯಕ ಇಲ್ಲ, ಒಂದು ನೇರ ದಾರಿಯೂ ಇಲ್ಲ. ನಾಯಿಗುತ್ತಿ ಮತ್ತು ತಿಮ್ಮಿಯ ಕಥೆ, ಐತ ಮತ್ತು ಪೀಂಚಲುವಿನ ಕಥೆ, ಮುಕುಂದಯ್ಯ ಮತ್ತು ಚಿನ್ನಮ್ಮನ ಕಥೆ ಕಾಡಿನ ಕಾಲುದಾರಿಗಳ ಹಾಗೆ ಒಂದನ್ನೊಂದು ಹಾದುಹೋಗುತ್ತವೆ. ಹೆಸರುಗಳು, ಮನೆಗಳು, ಊರುಗಳು ಎಷ್ಟಿವೆ ಅಂದರೆ ಮೊದಲ ಸಲ ಓದುವಾಗ ಯಾರಾದರೂ ತಪ್ಪಿಹೋಗ್ತಾರೆ. ಆಗ ಏನು ಮಾಡ್ತೀವಿ? ಒಂದು ಬೆರಳನ್ನು ಇದ್ದ ಪುಟದಲ್ಲೇ ಸಿಕ್ಕಿಸಿಕೊಂಡು ಹಿಂದಕ್ಕೆ ತಿರುವುತ್ತೀವಿ. ಈ ಹೆಸರು ಮೊದಲು ಬಂದಿದ್ದು ಎಡಗಡೆ ಪುಟದ ಕೆಳಗೆಲ್ಲೋ, ಪುಸ್ತಕ ಇನ್ನೂ ಎಡಗೈಯಲ್ಲಿ ತೆಳ್ಳಗಿದ್ದಾಗ ಅಂತ ಕೈಗೇ ಗೊತ್ತಿರುತ್ತೆ. ಆ ಕಾದಂಬರಿಯ ಕಾಡು ನನ್ನ ತಲೆಯಲ್ಲಿ ಕೂತಿರೋದು ಪುಸ್ತಕದ ದಪ್ಪದ ಜೊತೆಗೇ. ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಪುಟಗಳೆಲ್ಲ ಹೊಸದಾಗಿ ಜೋಡಣೆಯಾಗುತ್ತವೆ. ನಿನ್ನೆ ಮೇಲಿದ್ದ ಸಾಲು ಇವತ್ತು ಕೆಳಗೆ. ಅಪ್ಪ 'ಜಾಗ' ಅಂದಿದ್ದು ಇದಕ್ಕೆ.

ಇದು ಮೇಷ್ಟ್ರೊಬ್ಬರ ಹಳೇ ಅಭ್ಯಾಸದ ಗೊಣಗಾಟ ಮಾತ್ರ ಅಲ್ಲ. ನಾರ್ವೆಯ ಸಂಶೋಧಕಿ ಆನ್ ಮ್ಯಾಂಗನ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 50 ಜನರಿಗೆ ಒಂದೇ ಪತ್ತೇದಾರಿ ಕಥೆ ಕೊಟ್ಟರು, ಅರ್ಧ ಜನಕ್ಕೆ ಅಚ್ಚಿನಲ್ಲಿ, ಇನ್ನರ್ಧಕ್ಕೆ ಕಿಂಡಲ್‌ನಲ್ಲಿ. ಕಥೆ ಅರ್ಥವಾಗುವುದರಲ್ಲಿ ಹೆಚ್ಚುಕಮ್ಮಿ ಎರಡೂ ಗುಂಪು ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಅಂತ ಜೋಡಿಸಿ ಅಂದಾಗ ಅಚ್ಚಿನಲ್ಲಿ ಓದಿದವರು ಮುಂದಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 54 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಇನ್ನೊಂದು ವಿಶ್ಲೇಷಣೆ ಬಂದಿತ್ತು. ಮಾಹಿತಿಯ ಬರಹ ಓದುವಾಗ ಕಾಗದವೇ ಮೇಲು, ಬರೀ ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ ಅಂತ ಅದರ ಸಾರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣೋದು ಇಷ್ಟು: ಪರದೆಯಲ್ಲಿ ಓದಿದರೆ ಕಥೆ ಸಿಗುತ್ತೆ, ಆದರೆ ಅದರ ಹಿಂದುಮುಂದು ಸ್ವಲ್ಪ ಸಡಿಲ ಆಗಬಹುದು. ಮೆಟ್ರೋದಲ್ಲಿ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈಲಿ ಫೋನು ಹಿಡಿದು ಒಂದು ಸಣ್ಣಕಥೆ ಓದೋದಕ್ಕೆ ಇದರಿಂದ ತೊಂದರೆ ಇಲ್ಲ. ನಾನು ದಿನಾ ಓದ್ತೀನಿ. ಏಳುನೂರು ಪುಟದ ಕಾಡಿಗೆ ಮಾತ್ರ ಹಾಗೆ ನುಗ್ಗೋಕಾಗಲ್ಲ.

ಇನ್ನು ಕನ್ನಡದ್ದೇ ಆದ ತೊಂದರೆಗಳಿಗೆ ಬರೋಣ. ನಮ್ಮ ಲಿಪಿ ಅಡ್ಡಕ್ಕೆ ಮಾತ್ರ ಬೆಳೆಯೋದಿಲ್ಲ, ಕೆಳಕ್ಕೂ ಬೆಳೆಯುತ್ತೆ. ಒತ್ತಕ್ಷರಕ್ಕೆ ಜಾಗ ಬೇಕು, ಹಾಗಾಗಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಪದಗಳೋ, ಪ್ರತ್ಯಯ ಹತ್ತಿಸಿಕೊಂಡು, ಸಂಧಿ ಮಾಡಿಕೊಂಡು ರೈಲಿನ ಹಾಗೆ ಉದ್ದ. 'ಹೋಗಿಬಿಟ್ಟಿದ್ದಾರೆಂದುಕೊಂಡಿದ್ದ' ಅನ್ನೋದು ನಮ್ಮ ಬರವಣಿಗೆಯಲ್ಲಿ ಒಂದೇ ಪದ. ಅಪ್ಪನ ಅಳತೆಯ ಅಕ್ಷರದಲ್ಲಿ ಇದೊಂದೇ ಪದ ಒಂದು ಸಾಲು ನುಂಗುತ್ತೆ. ಹಿಂದಿನ ಸಾಲಿನಲ್ಲಿ ಎರಡು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿದ್ದಿರುತ್ತೆ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದವರು ಪದವನ್ನು ಸರಿಯಾದ ಕಡೆ ಮುರಿದು ಮುಂದಿನ ಸಾಲಿಗೆ ಕೊಂಡೊಯ್ಯುತ್ತಿದ್ದರು. ಅಪ್ಪನ ಟ್ಯಾಬಿನಲ್ಲಿರೋ ಆ್ಯಪ್‌ಗೆ ಆ ವಿದ್ಯೆ ಇನ್ನೂ ಬಂದಿಲ್ಲ.

ಪದದ ಮೇಲೆ ಬೆರಳಿಟ್ಟರೆ ಅರ್ಥ ಬರೋದು ಇಂಗ್ಲಿಷ್ ಇ-ಪುಸ್ತಕದ ದೊಡ್ಡ ಸುಖ. ಕನ್ನಡದಲ್ಲಿ ನಿಘಂಟುಗಳಿಗೇನೂ ಬರ ಇಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತೆ, ಒಂದೂವರೆ ಲಕ್ಷ ಪದ ಅದರಲ್ಲಿದೆ. ಆದರೆ ಕಾದಂಬರಿಯೊಳಗೆ 'ಮನೆಯಂಗಳದಲ್ಲೆಲ್ಲ' ಅಂತ ಇದ್ದರೆ ಅದನ್ನು ಮನೆ, ಅಂಗಳ, ಎಲ್ಲ ಅಂತ ಬಿಡಿಸಿಕೊಡುವ ತಂತ್ರಾಂಶ ಬೇಕು. ಬರೀ ಪದವನ್ನು ಹುಡುಕಿದರೆ ಯಾವ ನಿಘಂಟಿನಲ್ಲೂ ಸಿಗೋದಿಲ್ಲ. ಅಪ್ಪ ಮೇಷ್ಟ್ರಾಗಿದ್ದಾಗ ಮಕ್ಕಳಿಗೆ "ಸಂಧಿ ಬಿಡಿಸಿ" ಅಂತ ಪ್ರಶ್ನೆ ಕೊಡ್ತಿದ್ದರು. ಈಗ ಆ ಪ್ರಶ್ನೆಪತ್ರಿಕೆ ಕಂಪ್ಯೂಟರಿಗೆ ಹೋಗಿದೆ.

ಅಂಗಡಿಯ ಕಥೆಯೂ ಹೀಗೇ. 2016ರ ಕೊನೆಗೆ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆಯ ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮವರು ಮೈಲ್ಯಾಂಗ್ ಥರದ ಆ್ಯಪ್ ಕಟ್ಟಿಕೊಂಡರು, ಪ್ರಕಾಶಕರು ಗೂಗಲ್ ಪ್ಲೇ ಬುಕ್ಸ್ ಕಡೆ ಹೋದರು. ಈಚಿನ ಲೇಖಕರ ಪುಸ್ತಕಗಳು ಅಲ್ಲಿ ಚೆನ್ನಾಗಿಯೇ ಸಿಗ್ತವೆ. ಹಿಂದಕ್ಕೆ ಹೋದ ಹಾಗೆ ಬೇಕಾದದ್ದು ಸಿಗೋದು ಕಷ್ಟ.

ತೀರಾ ಹಿಂದಕ್ಕೆ ಹೋದರೆ ಮತ್ತೆ ಸಿಗ್ತವೆ, ಅದು ತಮಾಷೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತೆ. 1899ರ 'ಇಂದಿರಾಬಾಯಿ', 1915ರ 'ಮಾಡಿದ್ದುಣ್ಣೋ ಮಹಾರಾಯ' ಈಗ ಎಲ್ಲರ ಸ್ವತ್ತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ, ಗ್ರಂಥಾಲಯದ ಮುದ್ರೆ, ಗೆದ್ದಲು ಕೊರೆದ ತೂತು ಸಮೇತ. ಅಪ್ಪನಿಗೆ ಅಂಥದ್ದೊಂದು ಇಳಿಸಿಕೊಟ್ಟೆ. ಸ್ಕ್ಯಾನ್ ಅಂದರೆ ಫೋಟೋ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮಡಚಿಕೊಂಡು ಕೆಳಗೆ ಬರೋದಿಲ್ಲ, ಪರದೆಯಿಂದ ಆಚೆ ಹೋಗುತ್ತೆ. ಪ್ರತಿ ಸಾಲಿಗೂ ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ತಂದು ಮುಂದಿನ ಸಾಲು ಹುಡುಕಬೇಕು. ಎರಡು ಪುಟ ಆದಮೇಲೆ ಅಪ್ಪ, "ಇದು ಓದೋದಲ್ಲ, ಬಾವಿಯಿಂದ ನೀರು ಸೇದೋದು" ಅಂತ ಪಕ್ಕಕ್ಕಿಟ್ಟರು. ನಾವು 'ಡಿಜಿಟಲ್' ಅಂತ ಒಂದೇ ಮಾತಿನಲ್ಲಿ ಹೇಳಿಬಿಡ್ತೀವಿ. ಕಣ್ಣು ಮಂಜಾದವರಿಗೆ ಫೋಟೋ ಪುಸ್ತಕಕ್ಕೂ ಅಕ್ಷರದ ಪುಸ್ತಕಕ್ಕೂ ಅಜಗಜಾಂತರ.

ಪರದೆ ಗೆದ್ದ ಕಡೆಯೂ ಇದೆ. ವಚನಗಳು. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕಟ್ಟುಗಳನ್ನು ಸೇರಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಶುರುಮಾಡಿದರು. ಅದಕ್ಕಾಗಿ ಸ್ವಂತ ಮನೆ ಮಾರಿದರು. ಗರಿಯಿಂದ ಕಾಗದಕ್ಕೆ ಬಂದ ಆ ವಚನಗಳು ಈಗ 'ವಚನ ಸಂಚಯ' ಜಾಲತಾಣದಲ್ಲಿ 20,000ಕ್ಕೂ ಹೆಚ್ಚಿವೆ. 'ಕನ್ನಡಿ' ಅಂತ ಹಾಕಿದರೆ ಯಾವ ಯಾವ ಶರಣರು ಆ ಪದ ಬಳಸಿದ್ದಾರೆ ಅಂತ ಒಂದು ಕ್ಷಣದಲ್ಲಿ ಬರುತ್ತೆ. ಅಪ್ಪ ಇದನ್ನು ನೋಡಿ ಬೆರಗಾದರು. ಈ ಕೆಲಸಕ್ಕೆ ಅವರು ಒಂದು ಕಾಲದಲ್ಲಿ ಚೀಟಿಗಳನ್ನು ಬರೆದು ಬೂಟಿನ ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡಿದ್ದವರು. ಒಂದು ವಾರ ನಮ್ಮಿಬ್ಬರಿಗೂ ಇದೇ ಆಟ. ಅವರು ಫೋನಿನಲ್ಲಿ ಪದ ಹೇಳೋದು, ನಾನು ಹುಡುಕೋದು.

ಆಮೇಲೆ ಅವರೇ ಒಂದು ಮಾತು ಹೇಳಿದರು. ಹದಿನೈದನೇ ಶತಮಾನದ 'ಶೂನ್ಯಸಂಪಾದನೆ' ಮಾಡಿದ್ದೂ ಆಯ್ದು ಜೋಡಿಸುವ ಕೆಲಸವೇ. ಬಿಡಿ ವಚನಗಳನ್ನು ತಂದು, ಅಲ್ಲಮ ಒಂದು ಕೇಳಿದ ಹಾಗೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಟ್ಟ ಹಾಗೆ ಎದುರುಬದುರು ಕೂರಿಸಿದರು. ಒಂಟಿಯಾಗಿ ಓದಿದಾಗ ಒಂದು ಅರ್ಥ ಕೊಡೋ ವಚನ ಅಲ್ಲಿ ಮಾತಿಗೆ ಮಾತಾಗಿ ಬೇರೆಯೇ ಅರ್ಥ ಕೊಡುತ್ತೆ. "ನಿನ್ನ ಹುಡುಕಾಟದಲ್ಲಿ ಬರೋದು ಸಾಲಾಗಿ ನಿಂತ ಜನ. ಅವರು ಒಬ್ಬರಿಗೊಬ್ಬರು ಮಾತಾಡ್ತಿಲ್ಲ" ಅಂದರು. ಅವತ್ತಿನಿಂದ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಒಂಟಿ ವಚನ ಬಂದಾಗಲೆಲ್ಲ ಇದು ಯಾರಿಗೆ ಹೇಳಿದ ಮಾತಾಗಿತ್ತು ಅಂತ ಯೋಚನೆ ಬರುತ್ತೆ.

ಅಮ್ಮನಿಗೆ ನಮ್ಮ ಈ ಚರ್ಚೆಯೇ ಹಿಡಿಸೋದಿಲ್ಲ. ಅವರು ಓದಿ ಬೆಳೆದಿದ್ದು ವಾರಪತ್ರಿಕೆಯ ಧಾರಾವಾಹಿಗಳನ್ನು. 'ಸುಧಾ' ಬಂದ ದಿನ ಮೊದಲು ಯಾರ ಕೈಗೆ ಅನ್ನೋದೇ ಜಗಳವಾಗಿದ್ದ ಮನೆ ಅವರದು. ಕಥೆ ಮುಗಿದಮೇಲೆ ಎಲ್ಲಾ ಕಂತುಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡ್ತಿದ್ದರು. ಅಂಥ ಹದಿನೆಂಟು ಪುಸ್ತಕ ನಮ್ಮ ಅಟ್ಟದಲ್ಲಿವೆ. ಪುಟದ ಹಿಂಬದಿಯಲ್ಲಿ ಅರ್ಧ ಕತ್ತರಿಸಿಹೋದ ಹಲಸಿನ ಹಪ್ಪಳದ ವಿಧಾನ, ಅರ್ಧ ರಾಶಿಭವಿಷ್ಯ. ವಾರಕ್ಕೆ ನಾಲ್ಕು ಪುಟ ಓದಿ ಏಳು ದಿನ ಅದರ ಬಗ್ಗೆ ಅಕ್ಕತಂಗಿಯರ ಜೊತೆ ವಾದ ಮಾಡುವುದು ಅವರ ಓದು. ಆ ಕಾದಂಬರಿಗಳನ್ನು ಒಟ್ಟಿಗೇ ಓದಿದರೆ ಪ್ರತಿ ಅಧ್ಯಾಯದ ಕೊನೆಯಲ್ಲೂ ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲ ಕಾಗದ ಬರುತ್ತೆ. ವಾರದ ಕಾಯುವಿಕೆ ಆ ಕಥೆಯ ಕಟ್ಟಡದೊಳಗೇ ಇದೆ. ಈಗ ಅಮ್ಮ ಫೋನಿನಲ್ಲಿ ಪ್ರತಿಲಿಪಿ ತೆರೆದು ದಿನಕ್ಕೊಂದು ಕಂತು ಓದ್ತಾರೆ. ಅದೇ ಬಾಗಿಲು, ಅದೇ ತಟ್ಟುವಿಕೆ. ಅಕ್ಕತಂಗಿಯರ ಬದಲು ಕೆಳಗೆ ಕಾಮೆಂಟುಗಳು. ಹಾಳೆಯಿಂದ ಪರದೆಗೆ ಬಂದಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಯಾಕಂದರೆ ಅವರ ಓದಿನ ಅಳತೆ ಬದಲಾಗಲಿಲ್ಲ.

ಅಪ್ಪನಿಗೆ ಕೇಳುವ ಪುಸ್ತಕ ಯಾಕಾಗಬಾರದು ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಗಮಕಕ್ಕೆ ಹೆಸರಾದ ಹೊಸಹಳ್ಳಿಗೆ ಹೋಗಿ ರಾತ್ರಿಯೆಲ್ಲ ಕುಮಾರವ್ಯಾಸನನ್ನು ಕೇಳಿ ಬಂದ ಮನುಷ್ಯ ಅವರು, ಕಿವಿಯ ಸುಖ ಗೊತ್ತಿಲ್ಲದವರಲ್ಲ. "ಕುಮಾರವ್ಯಾಸ ಬರೆದಿದ್ದೇ ಹಾಡೋಕೆ. ಕಾದಂಬರಿ ಬರೆದಿದ್ದು ಒಬ್ಬನೇ ಕೂತು ಓದೋಕೆ. ಅದನ್ನು ಬೇರೆಯವರು ಓದಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಅಳಬೇಕು ಅಂತ ಅವರೇ ಹೇಳಿಬಿಡ್ತಾರೆ" ಅಂದರು. ಎರಡು ಆಡಿಯೋ ಪುಸ್ತಕ ಹಾಕಿಕೊಟ್ಟೆ. ಚೆನ್ನಾಗಿದೆ ಅಂದರು, ಮೂರನೆಯದನ್ನು ಕೇಳಲಿಲ್ಲ.

ಸಂಕ್ರಾಂತಿಗೆ ಹೋದಾಗ ಅಪ್ಪ ಕಪಾಟುಗಳ ವಿಷಯ ತೆಗೆದರು. "ನನ್ನ ಕೈಲಿ ಆಗೋದಿಲ್ಲ. ಯಾವುದು ನಿನಗೆ ಬೇಕು ನೋಡು, ಉಳಿದಿದ್ದು ಶಾಲೆಗೆ ಕೊಡೋಣ." ನನ್ನದು ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಐದು ಕಪಾಟು ಬರೋದಿಲ್ಲ. ಮೂರು ದಿನ ಕೂತು ಆರಿಸಿದೆ. ಈಗಲೂ ಮರುಮುದ್ರಣ ಆಗ್ತಿರೋದು, ಇ-ಪುಸ್ತಕ ಸಿಗೋದು ಒಂದು ಕಡೆ. ಎಲ್ಲೂ ಸಿಗದೇ ಇರೋದು ಇನ್ನೊಂದು ಕಡೆ. ಮೊದಲ ರಾಶಿಯನ್ನು ಕಣ್ಣುಮುಚ್ಚಿ ಶಾಲೆಗೆ ಕಳಿಸಬಹುದು ಅಂದುಕೊಂಡು ಒಂದನ್ನು ತೆರೆದೆ. ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ, ಒಂದು ಕಡೆ "ಸುಳ್ಳು", ಒಂದು ಅಧ್ಯಾಯದ ಕೊನೆಗೆ ನಾನು ಹುಟ್ಟಿದ ವಾರದ ತಾರೀಖು, ಅದರ ಪಕ್ಕ ಆಸ್ಪತ್ರೆಯ ವಾರ್ಡ್ ನಂಬರು. ಅಂದರೆ ಅಮ್ಮ ಒಳಗಿದ್ದಾಗ ಅವರು ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿದ್ದರು. ಆ ಕಾದಂಬರಿಯ ಪ್ರತಿ ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುತ್ತೆ. ಈ ಪ್ರತಿ ಸಿಗೋದಿಲ್ಲ.

ಟ್ಯಾಬಿನಲ್ಲೂ ಹಳದಿ ಗೆರೆ ಎಳೀಬಹುದು, ಟಿಪ್ಪಣಿ ಬರೀಬಹುದು. ನಾನು ಹತ್ತು ವರ್ಷದಲ್ಲಿ ಎಳೆದ ಗೆರೆಗಳೆಲ್ಲ ಎರಡು ಮೂರು ಅಕೌಂಟುಗಳಲ್ಲಿ ಇವೆ. ಆ ಪಾಸ್‌ವರ್ಡ್ ಇಲ್ಲದೆ ನನ್ನ ಮಗಳು ಮುಂದೊಂದು ದಿನ ಅದನ್ನು ಧೂಳು ಕೊಡವಿ ತೆರೆಯೋಕಾಗಲ್ಲ. ಹಾಗಾಗಿ ಆರಿಸುವ ನಿಯಮ ಬದಲಾಯಿಸಿದೆ: ಪೆನ್ಸಿಲ್ ಇದ್ದದ್ದು ನನಗೆ, ಇಲ್ಲದ್ದು ಶಾಲೆಗೆ. ಒಂದೂವರೆ ಕಪಾಟು ಆಯ್ತು. ಟಿ.ವಿ. ಇಟ್ಟಿದ್ದ ಗೋಡೆ ಖಾಲಿ ಮಾಡಿ ಅಲ್ಲಿಟ್ಟಿದ್ದೀನಿ.

ಆ ರಾಶಿಯಲ್ಲೇ ಅಪ್ಪನ 'ಮಲೆಗಳಲ್ಲಿ ಮದುಮಗಳು' ಬಂತು, ಬೆನ್ನು ಹರಿದು ಮೈದಾದ ಅಂಟು ಹಚ್ಚಿದ್ದು. ಅವರಿಗೆ ಅದನ್ನು ಇನ್ನೊಮ್ಮೆ ಓದುವ ಆಸೆ. ಹಾಳೆಯಲ್ಲಿ ಅವರಿಗೆ ಕಾಣೋದಿಲ್ಲ, ಆಡಿಯೋ ಅವರಿಗೆ ಒಗ್ಗೋದಿಲ್ಲ. ಈಗ ರಾತ್ರಿ ಊಟ ಆದಮೇಲೆ ಫೋನ್ ಮಾಡಿ ನಾನೇ ಓದ್ತೀನಿ, ದಿನಕ್ಕೆ ಏಳೆಂಟು ಪುಟ. ಬೇರೆಯವರು ಓದಬಾರದು ಅಂದವರು ನೀವೇ ಅಲ್ಲವಾ ಅಂದೆ. "ನೀನು ಬೇರೆಯವಳಾ? ಆಮೇಲೆ, ನಿನ್ನನ್ನ ನಿಲ್ಲಿಸಬಹುದು" ಅಂದರು. ನಿಲ್ಲಿಸ್ತಾರೆ ಕೂಡ. ಆ ಕಾದಂಬರಿಯ ಒಂದೊಂದು ಜಾತಿಯ, ಒಂದೊಂದು ಮನೆಯ ಮಾತೂ ಬೇರೆ ಬೇರೆ. ಐ.ಟಿ. ಕಂಪನಿಯ ಮೀಟಿಂಗುಗಳಲ್ಲಿ ಸವೆದ ನನ್ನ ನಾಲಿಗೆಗೆ ಅದು ಹೊರಳೋದಿಲ್ಲ. "ಹಾಗಲ್ಲ, ಎಳಿ ಅದನ್ನ" ಅಂತಾರೆ. ಎಳೀತೀನಿ. ಕಣ್ಣಲ್ಲಿ ಓದಿದ್ದಾಗ ನಾನು ಹಾರಿಸಿಕೊಂಡು ಹೋಗಿದ್ದ ಮಾತುಗಳು ಬಾಯಲ್ಲಿ ಬಂದಾಗ ನಗು ತರಿಸ್ತವೆ.

ನಿಮ್ಮ ಮನೆಯಲ್ಲೂ ಓದು ನಿಲ್ಲಿಸಿದವರು ಯಾರಾದರೂ ಇರಬಹುದು. ಆಸಕ್ತಿ ಹೋಯ್ತು, ವಯಸ್ಸಾಯ್ತು ಅಂತ ಅವರು ಹೇಳ್ತಿರಬಹುದು. ಒಂದು ಸಲ ಟ್ಯಾಬೋ ಫೋನೋ ತಗೊಂಡು ಹೋಗಿ ಅಕ್ಷರ ದೊಡ್ಡದು ಮಾಡಿ ತೋರಿಸಿ. ಸ್ಕ್ಯಾನ್ ಬೇಡ, ಅಕ್ಷರ ಹಿಗ್ಗುವ ಪುಸ್ತಕವನ್ನೇ ಕೊಡಿ. ಸಣ್ಣಕಥೆ, ಪ್ರಬಂಧದಿಂದ ಶುರುಮಾಡಿ. ಪುಸ್ತಕ ಕೊಳ್ಳುವಾಗ ಇ-ಪುಸ್ತಕ ಇದೆಯಾ ಅಂತ ಪ್ರಕಾಶಕರನ್ನು ಕೇಳಿ. ಹತ್ತು ಜನ ಕೇಳಿದರೆ ಅವರೂ ಯೋಚನೆ ಮಾಡ್ತಾರೆ. ದಪ್ಪ ಪುಸ್ತಕಗಳಿಗೆ ಮಾತ್ರ ನಿಮ್ಮ ಗಂಟಲನ್ನೇ ಕೊಡಬೇಕಾಗಬಹುದು. ನಾವು ನೂರ ತೊಂಬತ್ತನೇ ಪುಟ ದಾಟಿದ್ದೀವಿ. ಈ ಲೆಕ್ಕದಲ್ಲಿ ದಿನ ತಪ್ಪಿಸದೇ ಹೋದರೆ ಇನ್ನೂ ಎರಡು ಎರಡೂವರೆ ತಿಂಗಳಿನ ಓದು ಬಾಕಿ ಇದೆ.